ಟಾಂಜಾನಿಯಾಕ್ಕೆ ಸೇವೆಗೆಂದು ಹೊರಟವರ ಪ್ರಶ್ನೆಗಳು

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದಿದ್ದೇನೆ. ಮೋಶಿ ಊರಿನ ಬಳಿಯ ಕ್ಲಿನಿಕ್ಕಿಗೆ ಆರು ತಿಂಗಳ ಸ್ವಯಂಸೇವೆಗೆ ಕರೆದಿದ್ದಾರೆ. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಉಳಿದದ್ದು ಆಮೇಲೆ ನೋಡೋಣ’ ಅನ್ನುತ್ತಾರೆ. ಹೋಗಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಹಾಗೆ ಹೋಗಬೇಡಿ. ಸಂಬಳ ಇಲ್ಲದಿದ್ದರೂ ಅಲ್ಲಿನ ಕಾನೂನಿಗೆ ಅದು ಕೆಲಸವೇ. ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟಿ ದೇಶ ಬಿಡಬೇಕಾದವರು ನೀವು. ಸ್ವಯಂಸೇವಕರಿಗೆ ಕೊಡುವುದು ‘ಸಿ’ ವರ್ಗದ ರೆಸಿಡೆನ್ಸ್ ಪರ್ಮಿಟ್. ಕರೆದ ಸಂಸ್ಥೆ ಅದಕ್ಕೆ ಏನು ಮಾಡಿದೆ ಎಂದು ಕಾಗದದಲ್ಲಿ ಕೇಳಿ, ಉತ್ತರ ಬರುವವರೆಗೆ ಟಿಕೆಟ್ ತೆಗೆಯಬೇಡಿ. ರೋಗಿಯನ್ನು ಮುಟ್ಟುವ ಕೆಲಸವಾದ್ದರಿಂದ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲಿನ ನೋಂದಣಿಯೂ ಬೇಕು. ನಮ್ಮ ರಾಜ್ಯದ ನೋಂದಣಿ ಅಲ್ಲಿ ನಡೆಯದು.

ಇನ್ನೊಂದನ್ನು ಈಗಲೇ ಕೇಳಿಕೊಳ್ಳಿ. ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ ಆ ಕ್ಲಿನಿಕ್ಕಿನಲ್ಲೇ ಇದೆಯೇ? ಇಲ್ಲದಿದ್ದರೆ ಎಷ್ಟು ದೂರದಲ್ಲಿದೆ? ಸಾಧ್ಯವಾದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕಾದ ಮಾತ್ರೆ ಅದು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. 0, 1, 6 ತಿಂಗಳ ಲೆಕ್ಕದ ಲಸಿಕೆ ಅದು, ಕೊನೇ ವಾರದಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಪ್ರಶ್ನೆ: ಮಂಗಳೂರಿನವರಾದ ನಮಗೆ ಮಲೇರಿಯಾ ಹೊಸದಲ್ಲ, ಎರಡು ಸಲ ಬಂದು ಹೋಗಿದೆ. ಅಲ್ಲಿಗೆ ಹೋಗುವಾಗ ಮಾತ್ರೆ ನುಂಗಲೇಬೇಕೇ?
— ಓದುಗರು, ಮಂಗಳೂರು

ಉತ್ತರ: ನುಂಗಲೇಬೇಕು. ಮಲೇರಿಯಾದಲ್ಲಿ ಬಗೆಗಳಿವೆ: ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್, ಅಲ್ಲಿಯದು ಹೆಚ್ಚಾಗಿ ಫಾಲ್ಸಿಪಾರಮ್. ಅದು ಒಂದೆರಡು ದಿನದಲ್ಲೇ ಮಿದುಳಿಗೆ, ಮೂತ್ರಪಿಂಡಕ್ಕೆ ಏರಬಲ್ಲದು. ಇಲ್ಲಿ ಬಂದ ಜ್ವರ ಅಲ್ಲಿಯದಕ್ಕೆ ರಕ್ಷೆಯಾಗದು. ಕ್ಲೋರೊಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ, ಹಳೆಯ ಚೀಟಿ ಹಿಡಿದು ಅದನ್ನು ಕೊಳ್ಳಬೇಡಿ. 1,800 ಮೀಟರಿಗಿಂತ ಕೆಳಗಿನ ಎಲ್ಲ ಊರುಗಳಲ್ಲೂ ಮಲೇರಿಯಾ ಇದೆ. ಬೆಂಗಳೂರಿನಷ್ಟೇ ತಂಪಾದ ಅರುಷಾ ಕೂಡ ಅದರೊಳಗೇ ಬರುತ್ತದೆ.

ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಅಥವಾ ಅಟೊವಾಕ್ವೋನ್-ಪ್ರೋಗ್ವಾನಿಲ್ ಬರೆಯುತ್ತಾರೆ. ಎರಡೂ ದಿನಕ್ಕೊಂದು, ಹೊರಡುವ 1-2 ದಿನ ಮೊದಲೇ ಶುರು. ಮೊದಲನೆಯದು ಅಗ್ಗ, ಆದರೆ ಮರಳಿದ ಮೇಲೂ ನಾಲ್ಕು ವಾರ ಬಿಡುವಂತಿಲ್ಲ. ಎರಡನೆಯದಕ್ಕೆ ಏಳು ದಿನ ಸಾಕು. ಊರಿಗೆ ಬಂದೆವಲ್ಲ ಎಂದು ನಿಲ್ಲಿಸುವವರೇ ಜಾಸ್ತಿ, ಜ್ವರ ಹಿಡಿಯುವುದೂ ಆಗಲೇ. ಡಾಕ್ಸಿಸೈಕ್ಲಿನನ್ನು ಊಟವಾದ ಮೇಲೆ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ಗಂಟಲಿನಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತುಂಬುತೋಳಿನ ಅಂಗಿ ಇರಲಿ. ಗರ್ಭಿಣಿಯರಿಗೆ ಅದು ಸಲ್ಲದು. ಮಾತ್ರೆ ಇದೆಯೆಂದು ಸೊಳ್ಳೆಪರದೆ ಬಿಡಬೇಡಿ; ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಮರಳಿ ತಿಂಗಳುಗಳಾದ ಮೇಲೆ ಜ್ವರ ಬಂದರೂ, ಆಫ್ರಿಕಾದಿಂದ ಬಂದವರೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಹಳದಿ ಜ್ವರದ ಲಸಿಕೆಯ ಮಾತು. ರಜೆಯಲ್ಲಿ ಕೀನ್ಯಾಗೆ ಹೋಗಿ ಅಲ್ಲಿಂದಲೇ ಭಾರತಕ್ಕೆ ಮರಳುವ ಯೋಚನೆಯಿದ್ದರೆ ಹಾಕಿಸಿಕೊಂಡೇ ಹೊರಡಿ. ಸರ್ಟಿಫಿಕೇಟ್ ಇಲ್ಲದಿದ್ದರೆ ಇಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು. ಸರ್ಟಿಫಿಕೇಟ್ ಊರ್ಜಿತವಾಗುವುದು ಚುಚ್ಚಿದ ಹತ್ತು ದಿನದ ನಂತರ. ಒಂದೇ ಡೋಸ್ ಜೀವನಪೂರ್ತಿಗೆ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಹಾಕಿಸಿ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಪ್ರಶ್ನೆ: ನಾನು ಸಸ್ಯಾಹಾರಿ. ಊಟಕ್ಕೇನು ಗತಿ? ಏನೇನು ಕಟ್ಟಿಕೊಂಡು ಹೋಗಲಿ?
— ಓದುಗರು, ಹಾಸನ

ಉತ್ತರ: ನಿಮ್ಮ ಕಡೆಯವರಿಗೆ ಸುಲಭ. ಅಲ್ಲಿನ ‘ಉಗಾಲಿ’ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ‘ಮ್ಚಿಚಾ’ ನಮ್ಮ ದಂಟಿನ ಜಾತಿಯ ಸೊಪ್ಪು, ‘ಮಹರಾಗೆ’ ಬೇಯಿಸಿದ ಬೀನ್ಸ್ ಕಾಳು. ಚಪಾತಿಗೆ ಚಪಾತಿಯೆಂದೇ ಹೆಸರು. ‘ನ್ಯಾಮ’ ಅಂದರೆ ಮಾಂಸ. ಅದು ಬೇಡವೆಂದಷ್ಟೇ ಹೇಳಿದರೆ ಕೋಳಿಯೋ ಮೀನೋ ತಟ್ಟೆಗೆ ಬಂದೀತು. ‘ಸಿಲಿ ನ್ಯಾಮ, ಕುಕು, ವಲಾ ಸಮಕಿ’ ಎಂದು ಮೂರನ್ನೂ ಹೇಳಿ.

ಉಪ್ಪಿನಕಾಯಿ, ಚಟ್ನಿಪುಡಿಯನ್ನು ಅಂಗಡಿಯ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಸುತ್ತಬೇಡಿ. 2019ರ ಜೂನ್ 1ರಿಂದ ಅಲ್ಲಿ ಅವು ನಿಷಿದ್ಧ, ಪ್ರವಾಸಿಗರೂ ತರುವಂತಿಲ್ಲ. ಡಬ್ಬಿ, ಬಟ್ಟೆಚೀಲ ಒಯ್ಯಿರಿ. ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಪ್ಲಗ್ಗಿನ ಅಡಾಪ್ಟರ್ ಬೇಕು. ಗಂಟೆಯ ಲೆಕ್ಕವೂ ಬೇರೆ: ನಮ್ಮ ಹಿರಿಯರು ಸೂರ್ಯೋದಯದಿಂದ ಘಳಿಗೆ ಎಣಿಸಿದಂತೆ ಸ್ವಾಹಿಲಿಯಲ್ಲಿ ಬೆಳಗಿನ ಏಳಕ್ಕೆ ‘ಸಾ ಮೋಜ’, ಅಂದರೆ ಒಂದು ಗಂಟೆ. ಬಸ್ಸಿನ ಹೊತ್ತು ಹೇಳಿದಾಗ ಯಾವ ಲೆಕ್ಕ ಎಂದು ಕೇಳಿ. ಆರು ಗಂಟೆಯ ವ್ಯತ್ಯಾಸವಾಗುತ್ತದೆ.

ಪ್ರಶ್ನೆ: ಕಾಲೇಜು ರಜೆಯಲ್ಲಿ ಎರಡು ವಾರ ಅಲ್ಲಿನ ಅನಾಥಾಲಯದಲ್ಲಿ ಮಕ್ಕಳೊಂದಿಗೆ ಇರಬೇಕೆಂದಿದ್ದೇವೆ.
— ಓದುಗರು, ಧಾರವಾಡ

ಉತ್ತರ: ದಯವಿಟ್ಟು ಬೇಡ. ಹಚ್ಚಿಕೊಂಡವರು ಎರಡೆರಡು ವಾರಕ್ಕೆ ಬಿಟ್ಟು ಹೋಗುತ್ತಿದ್ದರೆ ಆ ಮಕ್ಕಳ ಮನಸ್ಸು ಒಡೆಯುತ್ತದೆ. ಇಂಥ ಕಡೆ ಇರುವ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಇರುತ್ತಾರೆ. ಬರುವವರ ಹಣ ಹೆಚ್ಚಿದಷ್ಟೂ ಮಕ್ಕಳನ್ನು ಮನೆಯಿಂದ ತಂದಿಡುವ ಆಸೆಯೂ ಹೆಚ್ಚುತ್ತದೆ. ನಿಮ್ಮ ಗುರುತಿನ ಪೊಲೀಸ್ ತಪಾಸಣೆಯನ್ನೂ ಕೇಳದೆ ಮಕ್ಕಳ ಬಳಿ ಬಿಡುವ ಸಂಸ್ಥೆಯಾದರೆ, ಯಾರನ್ನು ಬೇಕಾದರೂ ಬಿಟ್ಟೀತು. ಪ್ರಯಾಣದ ದುಡ್ಡನ್ನು ಮಕ್ಕಳನ್ನು ಮನೆಯಲ್ಲೇ ಉಳಿಸಲು ಕುಟುಂಬಗಳಿಗೆ ನೆರವಾಗುವ ಕೆಲಸಕ್ಕೆ ಕೊಡಿ.