ಮೊದಲು ಫೈಲ್ ಎಲ್ಲೆಲ್ಲಿದೆ ಹೇಳಿ

ವಿಶ್ವವಿದ್ಯಾಲಯಗಳ ಮಾಹಿತಿ ಸೋರಿಕೆ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವ ಸಾಫ್ಟ್‌ವೇರ್ ಕೊಳ್ಳಬೇಕು’ ಎಂದೇ ಶುರುವಾಗುತ್ತವೆ. ಫೈರ್‌ವಾಲ್, ಎರಡು ಹಂತದ ಲಾಗಿನ್, ಆಗಾಗ ಅಪ್‌ಡೇಟ್ ಇವೆಲ್ಲ ನಿಮ್ಮಲ್ಲಿ ಇವೆ ಎಂದುಕೊಂಡೇ ಉತ್ತರಿಸುತ್ತೇನೆ. ಇಲ್ಲವಾದರೆ ಮೊದಲು ಅವನ್ನು ಮಾಡಿ ಬನ್ನಿ.

ಪ್ರಶ್ನೆ: ಹೊರಹೋಗುವ ಮೇಲ್ ಮತ್ತು ಅಪ್‌ಲೋಡ್‌ಗಳಲ್ಲಿ ಗುರುತಿನ ಸಂಖ್ಯೆ, ಕಾರ್ಡ್ ಸಂಖ್ಯೆ ಕಂಡರೆ ತಡೆಯುವ ಡಿಎಲ್‌ಪಿ (ಮಾಹಿತಿ ಸೋರಿಕೆ ತಡೆ) ತಂತ್ರಾಂಶ ಹಾಕಿಸಿದ್ದೇವೆ. ವಿದ್ಯಾರ್ಥಿಗಳ ಮಾಹಿತಿ ಇನ್ನು ಸುರಕ್ಷಿತ ತಾನೇ?

ಅಲ್ಲ. ಈ ತಂತ್ರಾಂಶ ಮುಖ್ಯವಾಗಿ ಹುಡುಕುವುದು ಅಂಕಿಗಳ ಮಾದರಿಯನ್ನು: ಎಷ್ಟು ಅಂಕಿ ಇವೆ, ಕೊನೆಯ ಅಂಕಿ ಉಳಿದ ಅಂಕಿಗಳ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್‌ನ ಒಳಗೇನಿದೆ ಎಂದು ಅದು ಓದಲಾರದು. ಮೊಬೈಲ್‌ನಲ್ಲಿ ಪರದೆಯ ಫೋಟೊ ತೆಗೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆಪ್ತಸಮಾಲೋಚಕರು ವಿದ್ಯಾರ್ಥಿಯೊಬ್ಬರ ಬಗ್ಗೆ ಬರೆದಿಟ್ಟ ಟಿಪ್ಪಣಿಯಲ್ಲಿ ಒಂದು ಸಂಖ್ಯೆಯೂ ಇರದೆ ಹೋಗಬಹುದು. ಆದರೆ ಅದಕ್ಕಿಂತ ಸೂಕ್ಷ್ಮವಾದ ಕಡತ ನಿಮ್ಮ ಜಾಲದಲ್ಲಿ ಬೇರೊಂದು ಇರಲಾರದು.

ಯಾರೋ ಹೊರಗಿನವರು ಒಳನುಗ್ಗಿದರೆ ಮಾತ್ರ ಸೋರಿಕೆ ಎಂಬ ಕಲ್ಪನೆಯನ್ನು ದಯವಿಟ್ಟು ಬಿಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1999ರ ಕಾಲದ ಸುಮಾರು 43,000 ಮಂದಿಯ ಹೆಸರು ಮತ್ತು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಇದ್ದ ಫೈಲೊಂದು ಎಫ್‌ಟಿಪಿ ಸರ್ವರ್‌ನಲ್ಲಿ (ಫೈಲ್ ಇಟ್ಟು ಹಂಚಿಕೊಳ್ಳುವ ಸರ್ವರ್) ಹಾಗೇ ಉಳಿದುಬಿಟ್ಟಿತ್ತು. 2010ರಲ್ಲಿ ಗೂಗಲ್ ಇಂಥ ಸರ್ವರ್‌ಗಳನ್ನೂ ಹುಡುಕಾಟಕ್ಕೆ ಸೇರಿಸಿಕೊಂಡಿತು. ಫೈಲ್ ತಿಂಗಳುಗಟ್ಟಲೆ ಗೂಗಲ್‌ನಲ್ಲಿ ಸಿಗುವಂತಿತ್ತು, ವಿಶ್ವವಿದ್ಯಾಲಯಕ್ಕೆ ವಿಷಯ ತಿಳಿದದ್ದು 2011ರಲ್ಲಿ. ಅಲ್ಲಿ ಯಾವ ಬೀಗವನ್ನೂ ಒಡೆಯಬೇಕಾಗಿರಲಿಲ್ಲ. ಹಳೆಯ ಫೈಲ್ ಇದೆ ಎಂಬುದೇ ಯಾರಿಗೂ ನೆನಪಿರಲಿಲ್ಲ.

ಹಾಗಾಗಿ ಮೊದಲ ಕೆಲಸ ಹುಡುಕುವುದು. ದಾಖಲಾತಿ ವಿಭಾಗದ ಸರ್ವರ್ ಒಂದನ್ನೇ ಕಾದರೆ ಸಾಲದು, ಅದರಿಂದ ಇಳಿಸಿಕೊಂಡ ಎಕ್ಸೆಲ್ ಪ್ರತಿಗಳನ್ನು ಹುಡುಕಿ. ವಿಭಾಗದ ಶೇರ್ಡ್ ಫೋಲ್ಡರ್, ಪ್ರಾಧ್ಯಾಪಕರ ಲ್ಯಾಪ್‌ಟಾಪ್, ಪ್ರಯೋಗಾಲಯದ ಮೇಜಿನಡಿ ಓಡುತ್ತಿರುವ ಸರ್ವರ್ (ಅದನ್ನು ಕಟ್ಟಿದ ಸಂಶೋಧನಾ ವಿದ್ಯಾರ್ಥಿ ಪದವಿ ಮುಗಿಸಿ ಹೋಗಿ ವರ್ಷಗಳಾಗಿರುತ್ತವೆ), ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಹಂಚಿದ ಶೀಟ್‌ಗಳು, ಹಾರ್ಡ್ ಡಿಸ್ಕ್ ಇರುವ ಜೆರಾಕ್ಸ್ ಯಂತ್ರ ಎಲ್ಲವೂ ಪಟ್ಟಿಗೆ ಬರಬೇಕು. ಎಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಟೆಸ್ಟ್ ಸರ್ವರ್. ಹೊಸ ತಂತ್ರಾಂಶ ಪರೀಕ್ಷಿಸಲು ಅಸಲಿ ದತ್ತಾಂಶವನ್ನೇ ಪೂರ್ತಿ ತಂದು ಸುರಿಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಅಳಿಸುವುದಿಲ್ಲ. ದಯವಿಟ್ಟು ಕೃತಕ ದತ್ತಾಂಶ ಬಳಸಿ.

ಸಿಕ್ಕ ಪ್ರತಿ ಫೈಲ್‌ಗೂ ಎರಡು ಪ್ರಶ್ನೆ: ಇದು ಯಾರದು? ಇನ್ನೂ ಯಾಕೆ ಬೇಕು? ಎರಡಕ್ಕೂ ಉತ್ತರ ಸಿಗದಿದ್ದರೆ ಕಾನೂನು ಪ್ರಕಾರ ಇಟ್ಟುಕೊಳ್ಳಬೇಕಾದದ್ದೇ ಎಂದು ನೋಡಿ, ಅಲ್ಲವಾದರೆ ಅಳಿಸಿ. ಇಲ್ಲದ ಫೈಲ್ ಸೋರುವುದಿಲ್ಲ. ಉಳಿದವನ್ನು ಪ್ರತ್ಯೇಕ ಜಾಲಭಾಗಕ್ಕೆ ಸರಿಸಿ. ಹಾಸ್ಟೆಲ್ ವೈಫೈನಿಂದ ಪರೀಕ್ಷಾ ವಿಭಾಗದ ಸರ್ವರ್‌ಗೆ ದಾರಿಯೇ ಇರಬಾರದು. ಆ ಸರ್ವರ್ ಹೊರಗೆ ಯಾರನ್ನು ಸಂಪರ್ಕಿಸಬಹುದು ಎಂಬುದಕ್ಕೂ ಮಿತಿ ಹಾಕಿ. ಒಳಬರುವುದನ್ನು ಎಲ್ಲರೂ ಕಾಯುತ್ತಾರೆ, ಹೊರಹೋಗುವುದನ್ನು ಕಾಯುವವರು ಕಡಿಮೆ.

ನಿಮ್ಮ ಡಿಎಲ್‌ಪಿ ಕೆಲಸಕ್ಕೆ ಬರುವುದು ಇಷ್ಟಾದ ಮೇಲೆ. ಆಗಲೂ ಮೊದಲ ದಿನವೇ ತಡೆ ಹಾಕಬೇಡಿ, ಕೆಲಕಾಲ ಬರೀ ಗಮನಿಸಲು ಬಿಡಿ. ರೋಲ್ ನಂಬರನ್ನೂ ಕಾರ್ಡ್ ಸಂಖ್ಯೆ ಎಂದು ತಡೆದು ಕೆಲಸ ನಿಲ್ಲಿಸಿದರೆ, ಗುಮಾಸ್ತರು ಅದೇ ಫೈಲನ್ನು ಸ್ವಂತ ಜಿಮೇಲ್‌ನಿಂದ ಕಳಿಸುತ್ತಾರೆ. ಆಮೇಲೆ ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರಶ್ನೆ: ಎಕ್ಸೆಲ್‌ನಲ್ಲಿ ಬೇಡದ ಹಾಳೆ, ಕಾಲಂಗಳನ್ನು ಮರೆಮಾಡಿ ಕಳಿಸಿದರೆ?

ಮರೆಮಾಡಿದ್ದು ಅಳಿಸಿದಂತಲ್ಲ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಪೊಲೀಸರು ಮಾಹಿತಿ ಕೋರಿದ ಅರ್ಜಿಗೆ ಕೊಟ್ಟ ಉತ್ತರದಲ್ಲಿ ಅಡಗಿದ್ದ ಹಾಳೆಯಿಂದ 9,483 ಸಿಬ್ಬಂದಿಯ ವಿವರ ಬಯಲಾಯಿತು. ಬೇಕಾದ ಕಾಲಂಗಳಷ್ಟನ್ನೇ ಹೊಸ ಸಿಎಸ್‌ವಿ ಫೈಲ್ (ಬರೀ ಅಕ್ಷರ, ಅಂಕಿಗಳ ಸಾದಾ ಪಟ್ಟಿ) ಮಾಡಿ, ತೆರೆದು ನೋಡಿ, ಆಮೇಲೆ ಕಳಿಸಿ.

ಪ್ರಶ್ನೆ: ಸಂಶೋಧನೆಯ ದತ್ತಾಂಶದಿಂದ ಹೆಸರು ತೆಗೆದರೆ ಸಾಕಲ್ಲವೇ?

ಸಾಲದು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರರಿಂದಲೇ ಅಮೆರಿಕದ ಜನಸಂಖ್ಯೆಯ 87% ಮಂದಿಯನ್ನು ಬೇರ್ಪಡಿಸಿ ಗುರುತಿಸಬಹುದು ಎಂದು ಸಂಶೋಧಕಿ ಲತಾನ್ಯಾ ಸ್ವೀನಿ 2000ರಲ್ಲೇ ತೋರಿಸಿದ್ದಾರೆ. ದಿನಾಂಕದ ಬದಲು ವಯಸ್ಸಿನ ಗುಂಪು, ಅಂಚೆ ಸಂಖ್ಯೆಯ ಬದಲು ದೊಡ್ಡ ಪ್ರದೇಶ ಹಾಕಿ.

ಪ್ರಶ್ನೆ: ಎಲ್ಲರೂ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮ ತರಬೇಕೆಂದಿದ್ದೇವೆ.

ಬೇಡ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಇದನ್ನು ಬಿಡಿ ಎಂದಿದೆ. ಕದ್ದುಹೋಗಿದೆ ಎಂಬ ಸುಳಿವು ಸಿಕ್ಕಾಗ ಬದಲಿಸಿ.

ಪ್ರಶ್ನೆ: ಒಂದು ಸಂಸ್ಥೆ ‘100% ಸೋರಿಕೆ ಮುಕ್ತ’ ಪ್ರಮಾಣಪತ್ರ ಕೊಡುತ್ತೇವೆ ಎನ್ನುತ್ತಿದೆ.

ಅಂಥ ಪ್ರಮಾಣಪತ್ರ ಯಾರೂ ಕೊಡಲಾಗದು. ಅವರನ್ನು ಬಾಗಿಲಲ್ಲೇ ಕಳಿಸಿ, ಆ ಹಣದಲ್ಲಿ ಫೈಲ್ ಹುಡುಕುವ ಒಬ್ಬರನ್ನು ನೇಮಿಸಿ.

ಪ್ರಶ್ನೆ: ಅಂಕಪಟ್ಟಿ ತಪ್ಪು ವಿಳಾಸಕ್ಕೆ ಮೇಲ್ ಆಯಿತು. ಕಳಿಸಿದ ಮೇಲನ್ನು ವಾಪಸ್ ಪಡೆಯುವ ‘ರೀಕಾಲ್’ ಒತ್ತಿದ್ದೇನೆ. ಮೇಲಧಿಕಾರಿಗೆ ಹೇಳಲೇಬೇಕೇ?

ಹೇಳಲೇಬೇಕು, ಈಗಲೇ. ಹೊರಗಿನ ವಿಳಾಸಕ್ಕೆ ಹೋದ ಮೇಲನ್ನು ರೀಕಾಲ್ ಹಿಂದಕ್ಕೆ ತರುವುದಿಲ್ಲ. ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಫೈಲ್ ಎಂದು ಬರೆದುಕೊಂಡು ಭದ್ರತಾ ವಿಭಾಗಕ್ಕೆ ಫೋನ್ ಮಾಡಿ. ಮೇಲಧಿಕಾರಿಗಳೇ, ಹೀಗೆ ತಾವಾಗಿ ಬಂದು ಹೇಳಿದವರಿಗೆ ನೋಟಿಸ್ ಕೊಟ್ಟರೆ ಮುಂದಿನ ಸಲ ನಿಮಗೆ ಯಾರೂ ಹೇಳುವುದಿಲ್ಲ.