ರಾಗಿ ಗಂಜಿಯ ಹೊಸ ರುಚಿಗೆ ಮಕ್ಕಳು ಮುಖ ತಿರುಗಿಸಿದರೆ

ಮಕ್ಕಳ ಊಟ–ತಿಂಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಎರಡೂವರೆ. ಕೂಸುಗಳಾಗಿದ್ದಾಗ ಇಬ್ಬರೂ ನಮ್ಮ ಅತ್ತೆಯವರು ಮಾಡಿಕೊಡುತ್ತಿದ್ದ ರಾಗಿ ಸರಿಯನ್ನು ಬಟ್ಟಲು ಖಾಲಿಯಾಗುವಂತೆ ತಿನ್ನುತ್ತಿದ್ದರು. ಈಗ ಒಂದು ವರ್ಷದಿಂದ, ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ರುಚಿಯ ಪುಡಿ ಬೆರೆಸಿದ ಗಂಜಿಯೊಂದನ್ನು ಬಿಟ್ಟು ಬೆಳಗ್ಗೆ ಬೇರೇನನ್ನೂ ಮುಟ್ಟುವುದಿಲ್ಲ. ಕಳೆದ ತಿಂಗಳು ಮೊಳಕೆ ಕಟ್ಟಿದ ರಾಗಿಯ ಹಿಟ್ಟಿಗೆ ಬೆಲ್ಲ, ಏಲಕ್ಕಿ, ಬಾಳೆಹಣ್ಣು ಸೇರಿಸಿ ಹೊಸದಾಗಿ ಗಂಜಿ ಮಾಡಿದೆ. ಮಗ ಮೂಸಿ ನೋಡಿ ಬಟ್ಟಲನ್ನು ತಳ್ಳಿದ. ಮಗಳು ಅಣ್ಣನ ಮುಖ ನೋಡಿ ತಾನೂ ತಳ್ಳಿದಳು. ಮೂರು ದಿನ ಪ್ರಯತ್ನಿಸಿ ಕೈಬಿಟ್ಟೆ. ಮೊಬೈಲ್ ತೋರಿಸಿದರೆ ನಾಲ್ಕು ಚಮಚ ಒಳಗೆ ಹೋಗುತ್ತದೆ, ಆದರೆ ಅದು ನನಗೇ ಸರಿಯೆನಿಸುವುದಿಲ್ಲ. ಏಳೂಮುಕ್ಕಾಲಿಗೆ ಶಾಲೆಯ ವ್ಯಾನ್ ಬಂದು ನಿಲ್ಲುತ್ತದೆ. ದಯವಿಟ್ಟು ದಾರಿ ತೋರಿಸಿ.
— ಒಬ್ಬ ತಾಯಿ, ತುಮಕೂರು

ಉತ್ತರ: ಮೊದಲು ನಿಮ್ಮ ಮನಸ್ಸಿನಲ್ಲಿರುವ ಎರಡು ಅಳುಕುಗಳನ್ನು ದೂರಮಾಡಬೇಕು. ನಿಮ್ಮ ಮಕ್ಕಳು ಹಟಮಾರಿಗಳಲ್ಲ, ನಿಮ್ಮ ಕೈಯಡುಗೆಯೂ ಕೆಟ್ಟಿಲ್ಲ. ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರ ಕಂಡರೆ ಹಿಂಜರಿಯುವುದು ಬಹುಪಾಲು ಮಕ್ಕಳಲ್ಲಿ ಕಾಣುವ ಸ್ವಭಾವ. ಕಂಕುಳಲ್ಲಿದ್ದ ಕೂಸಿಗೆ ನಾವು ಕೊಟ್ಟದ್ದೇ ಆಹಾರವಾಗಿತ್ತು; ಅದೇ ಕೂಸು ಎದ್ದು ಓಡಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳಬಲ್ಲ ವಯಸ್ಸಿಗೆ ಬಂದಾಗ, ಗುರುತಿಲ್ಲದ್ದನ್ನು ಅನುಮಾನದಿಂದ ನೋಡುವ ಗುಣವೇ ಅದನ್ನು ಕಾಯುತ್ತದೆ ಎಂದು ಇದನ್ನು ಅಧ್ಯಯನ ಮಾಡಿದವರು ವಿವರಿಸುತ್ತಾರೆ. ಎರಡು ವರ್ಷದ ಹಿಂದೆ ತಿಂದ ರಾಗಿ ಸರಿ ನಿಮಗೆ ನೆನಪಿದೆ, ಮಕ್ಕಳಿಗಿಲ್ಲ. ಅವರ ಪಾಲಿಗೆ ಇದು ಈಗ ತಾನೇ ಮನೆಗೆ ಬಂದ ಅಪರಿಚಿತ ಅತಿಥಿ.

ಎರಡನೆಯದಾಗಿ, ಮೂರು ದಿನ ಬಹಳ ಕಡಿಮೆಯಾಯಿತು. ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಬಗೆಯ ಚೀಸ್ ಮತ್ತು ಹಣ್ಣುಗಳನ್ನು ಕೊಟ್ಟು ನೋಡಿದರು. ಕೆಲವನ್ನು ಎರಡೇ ಬಾರಿ, ಕೆಲವನ್ನು 5, 10, 15, 20 ಬಾರಿ. ಹೆಚ್ಚು ಬಾರಿ ರುಚಿ ನೋಡಿದ್ದನ್ನೇ ಮಕ್ಕಳು ಹೆಚ್ಚು ಇಷ್ಟಪಟ್ಟರು. ಆದ್ದರಿಂದ ಒಂದು ಹೊಸ ರುಚಿಗೆ ಹತ್ತು–ಹದಿನೈದು ಅವಕಾಶಗಳನ್ನಾದರೂ ಕೊಡದೆ ‘ನಮ್ಮ ಮಗುವಿಗೆ ಅದು ಹಿಡಿಸುವುದಿಲ್ಲ’ ಎಂದು ತೀರ್ಮಾನಿಸಬಾರದು. ಅವಕಾಶವೆಂದರೆ ಬಟ್ಟಲು ತುಂಬ ಬಡಿಸುವುದೆಂದು ತಿಳಿಯಬೇಡಿ. ಚಮಚದ ತುದಿಯಲ್ಲಿದ್ದುದನ್ನು ನಾಲಿಗೆಗೆ ತಾಗಿಸಿದರೂ ಅದು ಒಂದು ಬಾರಿಯ ರುಚಿಯೇ. ತಾಗಿಸಿ ಉಗುಳಿದರೂ ಬೈಯದೆ ಬಾಯಿ ಒರೆಸಿ ಸುಮ್ಮನಿರಿ.

ಇನ್ನು ನೀವು ಮಾಡಿದ ಗಂಜಿಯ ವಿಷಯ. ಚಾಕೊಲೇಟ್ ಗಂಜಿಯಿಂದ ಏಲಕ್ಕಿ–ಬಾಳೆಹಣ್ಣಿನ ರಾಗಿ ಗಂಜಿಗೆ ನೀವು ಮಕ್ಕಳನ್ನು ಒಂದೇ ನೆಗೆತಕ್ಕೆ ದಾಟಿಸಲು ನೋಡಿದಿರಿ. ವಾಸನೆ ಬದಲಾಯಿತು, ಸಿಹಿ ಬದಲಾಯಿತು, ನಾಲಿಗೆಗೆ ತಾಗುವ ಹದವೂ ಬದಲಾಯಿತು. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಿ. ಮೊದಲ ವಾರ, ಅವರು ಈಗ ತಿನ್ನುವ ಗಂಜಿಗೇ ಅರ್ಧ ಚಮಚ ರಾಗಿ ಹಿಟ್ಟನ್ನು ಚೆನ್ನಾಗಿ ಬೇಯಿಸಿ ಸೇರಿಸಿ. ರಾಗಿಯ ಕಂದು ಬಣ್ಣ ಚಾಕೊಲೇಟಿನ ಬಣ್ಣಕ್ಕೆ ಹತ್ತಿರವಿರುವುದು ನಿಮ್ಮ ಪಾಲಿನ ಅನುಕೂಲ. ಅದು ಒಗ್ಗಿದ ಮೇಲೆ ರಾಗಿಯನ್ನು ಹೆಚ್ಚಿಸುತ್ತ ಅಂಗಡಿಯ ಪುಡಿಯನ್ನು ಕಾಲು ಚಮಚದಂತೆ ಇಳಿಸುತ್ತ ಬನ್ನಿ. ಬಾಳೆಹಣ್ಣು ಅದರ ನಂತರ, ಏಲಕ್ಕಿ ಕಟ್ಟಕಡೆಗೆ. ಇದಕ್ಕೆ ಒಂದೂವರೆ–ಎರಡು ತಿಂಗಳು ಹಿಡಿದರೂ ಬೇಸರಿಸಬೇಡಿ. ಆದರೆ ಒಂದು ಮಾತು: ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ‘ಇವತ್ತು ಇದರಲ್ಲಿ ಸ್ವಲ್ಪ ರಾಗಿ ಹಾಕಿದ್ದೇನೆ’ ಎಂದು ಹೇಳಿಯೇ ಬಡಿಸಿ. ಕದ್ದು ಬೆರೆಸಿದ್ದು ನಾಲ್ಕು ವರ್ಷದ ಮಗುವಿಗೆ ಗೊತ್ತಾದರೆ, ಅದು ಹೊಸ ಗಂಜಿಯ ಜೊತೆಗೆ ಹಳೆಯದನ್ನೂ ಅನುಮಾನಿಸತೊಡಗುತ್ತದೆ. ಆಗ ನಿಮಗೆ ಎರಡೂ ಇಲ್ಲ.

ಇದರ ಜೊತೆಗೇ ಬಾಳೆಹಣ್ಣು–ಏಲಕ್ಕಿಯ ಗಂಜಿಯ ರುಚಿಯನ್ನು ಬೇರೆಯಾಗಿ ತೋರಿಸುತ್ತಿರಬಹುದು, ಆದರೆ ಅದಕ್ಕೆ ವ್ಯಾನ್ ಬರುವ ಹೊತ್ತು ಖಂಡಿತ ಬೇಡ. ಸಂಜೆ ನಾಲ್ಕು ಗಂಟೆಗೆ ಆಡಿ ಹಸಿದು ಬಂದಾಗ, ಇಲ್ಲವೇ ಭಾನುವಾರ ಬೆಳಗ್ಗೆ, ಉಪ್ಪಿನಕಾಯಿ ಹಾಕುವಷ್ಟು ಚಿಕ್ಕ ಬಟ್ಟಲಿನಲ್ಲಿ ಎರಡೇ ಚಮಚ ಹಾಕಿ, ಅವರಿಗೆ ಪರಿಚಿತವಾದ ತಿಂಡಿಯ ಪಕ್ಕದಲ್ಲಿಡಿ. ನೀವೂ ಜೊತೆಯಲ್ಲಿ ಕುಳಿತು ಅದನ್ನೇ ತಿನ್ನಿ. ದೊಡ್ಡ ಬಟ್ಟಲು ಕಂಡೊಡನೆ ‘ಇಷ್ಟನ್ನೂ ಮುಗಿಸಬೇಕು’ ಎಂಬ ಭಯ ಹುಟ್ಟುತ್ತದೆ. ಎರಡು ಚಮಚ ಕಂಡರೆ ಆ ಭಯವಿರುವುದಿಲ್ಲ.

ಗಂಜಿಯ ಹದದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ರುಚಿಯ ಮೇಲೆ ನಾವು ಹೊರಿಸುವ ತಪ್ಪು ಎಷ್ಟೋ ಸಲ ಹದದ್ದಾಗಿರುತ್ತದೆ. ನನ್ನ ಮೊಮ್ಮಗಳು ಮೂರು ವರ್ಷದವಳಿದ್ದಾಗ ಏಲಕ್ಕಿ ಹಾಕಿದ ಗಂಜಿಯನ್ನು ಒಂದು ವಾರ ಮುಟ್ಟಲಿಲ್ಲ. ಏಲಕ್ಕಿಯ ಘಮವೇ ಅವಳಿಗೆ ಆಗದು ಎಂದುಕೊಂಡಿದ್ದೆ. ಒಂದು ದಿನ ಅವಳು ಬಟ್ಟಲಿನ ಅಂಚಿಗೆ ಅಂಟಿದ್ದ ಸಿಪ್ಪೆಯ ಚೂರೊಂದನ್ನು ಬೆರಳಿನಿಂದ ತೋರಿಸಿ, ‘ಅಜ್ಜಿ, ಇದರಲ್ಲಿ ಕಸ ಇದೆ’ ಎಂದಳು. ಅಂದಿನಿಂದ ಕಾಳನ್ನಷ್ಟೇ ಬಿಡಿಸಿ, ನುಣ್ಣಗೆ ಪುಡಿಮಾಡಿ, ಸೋಸಿ ಹಾಕಿದೆ. ಅದೇ ಘಮದ ಗಂಜಿಯನ್ನು ತಕರಾರಿಲ್ಲದೆ ತಿಂದಳು. ಗಂಜಿ ಆರಿದಾಗ ಮೇಲೆ ಕಟ್ಟುವ ಪದರವೂ ಹಾಗೆಯೇ. ತುಟಿಗೆ ಅದು ಅಂಟಿದರೆ ಸಾಕು, ಮಗು ಆ ದಿನ ಮತ್ತೆ ಬಾಯಿ ತೆರೆಯುವುದಿಲ್ಲ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಂಡು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಹಸಿ ವಾಸನೆ ಹೋಗಿ ಹೊಳಪು ಬರುವವರೆಗೆ ಬೇಯಿಸಿ. ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿ, ಒಲೆ ಆರಿಸಿದ ಮೇಲೆಯೇ ಸೇರಿಸಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆದು ಗಂಜಿ ತರಿತರಿಯಾಗಬಹುದು. ಬಾಳೆಹಣ್ಣನ್ನು ಬಡಿಸುವ ಹೊತ್ತಿಗೇ ಕಿವುಚಿ ಹಾಕಿ, ಮೊದಲೇ ಹಾಕಿಟ್ಟರೆ ಕಪ್ಪಾಗಿ ಅದರ ರುಚಿಯೂ ಕೆಡುತ್ತದೆ. ಮೊಳಕೆ ಕಟ್ಟಿದ ರಾಗಿಯನ್ನು ನೀವು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. ಮೊಳಕೆಯೊಡೆಯುವಾಗ ರಾಗಿಯ ಪಿಷ್ಟ ಭಾಗಶಃ ಒಡೆಯುವುದರಿಂದ, ಹಿಟ್ಟು ಹೆಚ್ಚಿದ್ದರೂ ಗಂಜಿ ಅಂಟಂಟಾಗದೆ ತೆಳ್ಳಗೆ ಉಳಿಯುತ್ತದೆ. ಪುಟ್ಟ ಹೊಟ್ಟೆಗೆ ಕಡಿಮೆ ಗಂಜಿಯಲ್ಲೇ ಹೆಚ್ಚು ಶಕ್ತಿ ಸಿಗುತ್ತದೆ.

ಆಮಿಷದ ಮಾತು ಬೇಡವೇ ಬೇಡ. ‘ಇದನ್ನು ತಿಂದರೆ ಕಾರ್ಟೂನ್ ಹಾಕುತ್ತೇನೆ’ ಎಂದಾಗ ಮಗು ಕಲಿಯುವುದು, ಕಾರ್ಟೂನ್ ಒಳ್ಳೆಯದು, ಗಂಜಿ ಮಾತ್ರ ಲಂಚ ಕೊಡದೆ ನುಂಗಲಾಗದ ವಸ್ತು ಎಂಬುದನ್ನು. ಬರ್ಚ್ ಮತ್ತು ಅವರ ಸಂಗಡಿಗರು 1984ರಲ್ಲಿ ತೋರಿಸಿದ್ದೂ ಇದನ್ನೇ: ಬಹುಮಾನದ ಆಸೆಗೆ ಮಕ್ಕಳು ಯಾವ ಪಾನೀಯವನ್ನು ಕುಡಿದರೋ ಅದರ ಮೇಲಿನ ಒಲವು ಅವರಲ್ಲಿ ಇಳಿಯಿತು. ಮೊಬೈಲ್ ನೋಡುತ್ತ ನುಂಗಿದ ನಾಲ್ಕು ಚಮಚದಲ್ಲಿ ಮಗು ರುಚಿಯನ್ನು ಗಮನಿಸಿರುವುದೇ ಇಲ್ಲ, ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ನಿಮ್ಮ ಕೆಲಸ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ.

ಮಗಳು ಅಣ್ಣನನ್ನು ನೋಡಿ ಬಟ್ಟಲು ತಳ್ಳಿದಳೆಂದು ಬರೆದಿದ್ದೀರಿ. ನನಗೆ ಅದರಲ್ಲಿ ಭರವಸೆಯೇ ಕಾಣುತ್ತದೆ, ಏಕೆಂದರೆ ಅಣ್ಣ ತಿಂದ ದಿನ ಅವಳೂ ತಿನ್ನುತ್ತಾಳೆ. ಬಾಳೆಹಣ್ಣು ಕಿವುಚುವ ಕೆಲಸವನ್ನು ಮಗನಿಗೇ ಕೊಡಿ. ತಾನೇ ಕಿವುಚಿ ಕಲಸಿದ್ದನ್ನು ಬೆರಳಿನಿಂದಾದರೂ ನೆಕ್ಕದ ಮಗುವನ್ನು ನಾನು ಇನ್ನೂ ಕಂಡಿಲ್ಲ. ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2024ರ ಫೆಬ್ರವರಿಯಿಂದ ಕ್ಷೀರಭಾಗ್ಯದ ಹಾಲಿನ ಜೊತೆ ರಾಗಿ ಹೆಲ್ತ್ ಮಿಕ್ಸ್ ಕೊಡುವ ವ್ಯವಸ್ಥೆ ಬಂದಿದೆ. ಪಕ್ಕದವರು ಕುಡಿಯುವುದನ್ನು ನೋಡಿ ತಾನೂ ಲೋಟ ಎತ್ತುವುದು ಈ ವಯಸ್ಸಿನ ಸಹಜ ಗುಣ.

ಕಡೆಯದಾಗಿ, ಅಂಗಡಿಯ ಪುಡಿಯ ಡಬ್ಬಿಯ ಹಿಂಭಾಗವನ್ನು ಒಮ್ಮೆ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಸಕ್ಕರೆ ಮೊದಲ ಒಂದೆರಡು ಹೆಸರುಗಳಲ್ಲಿದ್ದರೆ ಮಕ್ಕಳು ಬಯಸುತ್ತಿರುವುದು ಯಾವ ರುಚಿಯನ್ನು ಎಂಬುದು ನಿಮಗೇ ತಿಳಿಯುತ್ತದೆ. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಡಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದು ಸುಮಾರು 120 ಮಿಲಿಗ್ರಾಂ. ನೀವು ಹಿಡಿದಿರುವ ದಾರಿ ಸರಿಯಾಗಿದೆ.

ಪ್ರಶ್ನೆ: ನಮ್ಮ ಮಗುವಿಗೆ ಒಂಬತ್ತು ತಿಂಗಳು. ರಾಗಿ ಮಣ್ಣಿ ಸಪ್ಪೆಯಾಗಿದೆ, ಅದಕ್ಕೇ ಮಗು ಮುಖ ಸಿಂಡರಿಸುತ್ತದೆ, ಸ್ವಲ್ಪ ಜೇನು ಅಥವಾ ಬೆಲ್ಲ ಹಾಕು ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಹಾಕಬಹುದೇ?
— ಓದುಗರು, ಉಡುಪಿ

ಉತ್ತರ: ಜೇನನ್ನು ಒಂದು ವರ್ಷ ತುಂಬುವವರೆಗೆ ಹನಿಯಷ್ಟೂ ಕೊಡಬಾರದು. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಯನ್ನು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಜೇನಿನಲ್ಲಿರಬಹುದು. ಶಿಶುವಿನ ಕರುಳಿಗೆ ಅವನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬೆಲ್ಲವನ್ನೂ ಸಕ್ಕರೆಯನ್ನೂ ಎರಡು ವರ್ಷದವರೆಗೆ ದೂರವಿಡುವುದು ಮೇಲು. ಹಿರಿಯರ ಕಾಳಜಿ ನಿಜವಾದದ್ದು, ಅವರಿಗೆ ಇದನ್ನು ಸಮಾಧಾನದಿಂದ ವಿವರಿಸಿ. ಚೆನ್ನಾಗಿ ಕಳಿತ ಬಾಳೆಹಣ್ಣು, ಬೇಯಿಸಿ ಅರೆದ ಸೇಬು, ನಿಮ್ಮ ಕರಾವಳಿಯ ತೆಂಗಿನ ಹಾಲು ಇವುಗಳಿಂದಲೇ ಮಣ್ಣಿಗೆ ಬೇಕಾದ ಸವಿ ಬರುತ್ತದೆ. ಬೆಲ್ಲ ಹಾಕಿ ಹಲ್ವದಂತೆ ಗಟ್ಟಿ ಮಾಡಿ ಕತ್ತರಿಸುವ ಮಣ್ಣಿ ದೊಡ್ಡವರಿಗಿರಲಿ. ಕೂಸಿನದು ಚಮಚದಿಂದ ನಿಧಾನವಾಗಿ ಜಾರುವಷ್ಟು ಮೆತ್ತಗಿರಲಿ.

ಮುಖ ಸಿಂಡರಿಸಿದ ಮಾತ್ರಕ್ಕೆ ಮಗು ಬೇಡವೆಂದಿತು ಎಂದುಕೊಳ್ಳಬೇಡಿ. ಸಿಂಡರಿಸಿದ ಮೇಲೂ ಮುಂದಿನ ಚಮಚಕ್ಕೆ ಬಾಯಿ ತೆರೆಯುತ್ತದೆಯೇ ನೋಡಿ. ತೆರೆದರೆ ಕೊಡಿ, ತಲೆ ಹೊರಳಿಸಿದರೆ ನಿಲ್ಲಿಸಿ. ಎದೆಹಾಲು ಕುಡಿಸುತ್ತಿದ್ದರೆ ನೀವು ತಿನ್ನುವುದರ ರುಚಿಯೂ ಮಗುವಿಗೆ ತಲುಪುತ್ತಿರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕಿ ಜೂಲಿ ಮೆನೆಲ್ಲಾ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನಲ್ಲೋ ಬಾಣಂತನದಲ್ಲೋ ಕ್ಯಾರೆಟ್ ರಸ ಕುಡಿದಿದ್ದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ರಸದಲ್ಲಿ ಕಲಸಿದ ಗಂಜಿಯನ್ನು ಮೊದಲ ಸಲ ತಿನ್ನುವಾಗ ಮುಖ ಕಿವುಚಿದ್ದು ಕಡಿಮೆ. ಆದ್ದರಿಂದ ನೀವೂ ರಾಗಿಯನ್ನು ತಿನ್ನಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಮೂರು ವರ್ಷದ ಮಗ ನರ್ಸರಿಯಲ್ಲಿ ಓಟ್ಸ್ ಗಂಜಿಯನ್ನು ಚೆನ್ನಾಗಿ ತಿನ್ನುತ್ತಾನೆ, ಮನೆಯ ರಾಗಿ ಗಂಜಿ ಎಂದರೆ ಓಡುತ್ತಾನೆ.
— ಕನ್ನಡತಿ, ಬರ್ಮಿಂಗ್‌ಹ್ಯಾಮ್

ಉತ್ತರ: ಓಟ್ಸ್ ಗಂಜಿಗೇ ಒಂದು ಟೀ ಚಮಚದಷ್ಟು ಹುರಿಹಿಟ್ಟನ್ನು ಬೆರೆಸಿ ಶುರುಮಾಡಿ. ರಾಗಿಯನ್ನು ಅರಳಿಸಿ ಬೀಸಿದ ಆ ಹಿಟ್ಟಿನ ಘಮ ಹಸಿ ರಾಗಿ ಹಿಟ್ಟಿನದಕ್ಕಿಂತ ಬಹಳ ಹಿತ, ಬೇಗ ಒಗ್ಗುತ್ತದೆ. ಓಟ್ಸ್ ಕೂಡ ಒಳ್ಳೆಯ ಧಾನ್ಯವೇ, ಅದನ್ನು ಬಿಡಿಸುವ ಅಗತ್ಯವಿಲ್ಲ. ಗೋಡಂಬಿ, ಬಾದಾಮಿ ಸೇರಿಸುವುದಿದ್ದರೆ ನುಣ್ಣಗೆ ಪುಡಿಮಾಡಿಯೇ ಹಾಕಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯದು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಪ್ರಶ್ನೆ: ನಾನು ಮೂರು ವರ್ಷದ ಮೊಮ್ಮಗನ ತಾತ. ನಮ್ಮ ಕಾಲದಲ್ಲಿ ಕೈಕಾಲು ಹಿಡಿದು ಮಕ್ಕಳಿಗೆ ಗಂಜಿ ಹಾಕುತ್ತಿದ್ದೆವು, ಅವರೇನು ಬೆಳೆಯಲಿಲ್ಲವೇ? ಸೊಸೆ ಬಲವಂತ ಬೇಡ ಎನ್ನುತ್ತಾಳೆ. ಅವನು ಬೆಳಗ್ಗೆ ಹಾಲು ಬಿಟ್ಟು ಬೇರೇನೂ ತಿನ್ನದಿರುವುದನ್ನು ನೋಡಿ ಸಂಕಟವಾಗುತ್ತದೆ.
— ಹಿರಿಯ ಓದುಗರು, ಹಾಸನ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೂ ಈ ವಿಷಯದಲ್ಲಿ ನಿಮ್ಮ ಸೊಸೆಯ ಮಾತು ಸರಿ. ಅಳುತ್ತಿರುವ ಮಗುವಿನ ಬಾಯಿಗೆ ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕೆ ಹೋಗಿ ನೆತ್ತಿಗೇರಬಹುದು. ಅಲ್ಲದೆ ಬಟ್ಟಲು ಕಂಡರೇ ಹೆದರುವ ಅಭ್ಯಾಸವಾಗುತ್ತದೆ. ಅವನು ಎದ್ದ ಕೂಡಲೇ ಎಷ್ಟು ಹಾಲು ಕುಡಿಯುತ್ತಾನೆ ಎಂಬುದನ್ನು ಮೊದಲು ಗಮನಿಸಿ. ದೊಡ್ಡ ಲೋಟ ಹಾಲು ಹೊಟ್ಟೆ ಸೇರಿದ ಮೇಲೆ ಯಾವ ರುಚಿಯ ಗಂಜಿಗೂ ಜಾಗವಿರುವುದಿಲ್ಲ. ದಿನವಿಡೀ ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಿಗೆ ಕಬ್ಬಿಣಾಂಶದ ಕೊರತೆಯೂ ಬರಬಹುದು. ಹಾಲನ್ನು ತಿಂಡಿಯ ನಂತರಕ್ಕೆ ಇಡಲು ಹೇಳಿ. ತೂಕ ಇಳಿಯುತ್ತಿದ್ದರೆ, ಪದೇ ಪದೇ ವಾಂತಿಯಾಗುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ ಅಥವಾ ಮೊದಲು ತಿನ್ನುತ್ತಿದ್ದ ಪದಾರ್ಥಗಳನ್ನೂ ಒಂದೊಂದಾಗಿ ಬಿಡುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಅವು ಯಾವುವೂ ಇಲ್ಲವಾದರೆ, ನಾಳೆ ಬೆಳಗ್ಗೆ ನಿಮ್ಮ ಬಟ್ಟಲು ಗಂಜಿಯೊಂದಿಗೆ ಅವನ ಎದುರಿಗೆ ಕುಳಿತುಕೊಳ್ಳಿ. ತಿನ್ನೆಂದು ಹೇಳಬೇಡಿ. ನೀವು ತಿನ್ನುತ್ತ ಅವನ ಜೊತೆ ಬೇರೆ ಏನಾದರೂ ಮಾತನಾಡುತ್ತಿರಿ, ಪಕ್ಕದಲ್ಲಿ ಇನ್ನೊಂದು ಚಮಚವಿರಲಿ. ಅವನು ಕೈ ಚಾಚಿದ ದಿನ ನಿಮ್ಮ ಬಟ್ಟಲಿನಿಂದಲೇ ತೆಗೆದುಕೊಳ್ಳಲು ಬಿಡಿ.