ಸೌತೆ ಬಳ್ಳಿ ತುಂಬ ಹೂ, ಮಿಡಿ ಮಾತ್ರ ನಿಲ್ತಿಲ್ಲ, ಏನ್ ಮಾಡ್ಲಿ?

ಮಿಡಿ ಬೆರಳುದ್ದ ಆಗೋದ್ರೊಳಗೆ ಹಳದಿಯಾಗಿ ಉದುರ್ತದೆ, ಕಾಯಿ ಯಾವಾಗ ಕೊಯ್ಯೋದು ಅಂತನೂ ಗೊತ್ತಾಗಲ್ಲ ಅಂತ ಕೇಳಿದೀರಲ್ಲ, ನಮ್ಮನೆ ತೀರ್ಥಹಳ್ಳಿ ಹತ್ರ, ಎರಡು ವರ್ಷ ನನ್ನದೂ ಇದೇ ಕತೆ. ಗೊಬ್ಬರ ಸಾಲ್ದು ಅನ್ಕೊಂಡು ಕೊಟ್ಟಿಗೆ ಗೊಬ್ಬರ ಸುರಿದಿದ್ದೇ ಸುರಿದಿದ್ದು, ಬಳ್ಳಿ ಅಡಿಕೆ ದಬ್ಬೆ ಚಪ್ಪರ ದಾಟಿ ದಾಸವಾಳದ ಗಿಡಕ್ಕೆ ಹತ್ತಿತು, ಕಾಯಿ ಮಾತ್ರ ಇಲ್ಲ.

ಮೊದ್ಲು ಹೂವಿನ ಹಿಂದೆ ನೋಡಿ. ಬರೀ ಸಪೂರ ತೊಟ್ಟಿದ್ರೆ ಗಂಡು ಹೂ, ಶುರುವಿಗೆ ಅವೇ ಜಾಸ್ತಿ, ಉದುರ್ಲಿ ಬಿಡಿ. ಹೆಣ್ಣು ಹೂವಿಗೆ ಹಿಂದೆ ಪುಟಾಣಿ ಸೌತೆಕಾಯಿನೇ ಅಂಟ್ಕೊಂಡಿರ್ತದೆ, ಅದು ಹಳದಿಯಾಗಿ ಮುರುಟಿದ್ರೆ ಹೆಚ್ಚಾಗಿ ಪರಾಗ ಸಿಕ್ಕಿರಲ್ಲ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮೂರು ದಿನ ಬಿಡದೆ ಹೊಯ್ತಾ ಇದ್ರೆ ಜೇನು ಎಲ್ಲಿಂದ ಬರ್ಬೇಕು ಮಾರಾಯ್ರೇ? ಮಳೆ ಹೊಳವಾದ ಬೆಳಿಗ್ಗೆ ಆಗ ತಾನೇ ಅರಳಿದ ಗಂಡು ಹೂ ಒಂದನ್ನ ಕಿತ್ತು, ಎಸಳು ಬಿಡಿಸಿ, ಅವತ್ತೇ ಅರಳಿದ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಮಧ್ಯಾಹ್ನಕ್ಕೆ ಬಿಟ್ರೆ ಪ್ರಯೋಜನ ಇಲ್ಲ, ಹೂ ಒಂದೇ ದಿನದ್ದು. ನಾನು ಹಾಗೆ ಮಾಡಿದ ವರ್ಷವೇ ಪಕ್ಕದ ಮನೆಗೂ ಕೊಡೋಷ್ಟು ಕಾಯಿ ಬಂತು.

ಮಿಡಿ ಒಳಗೆ ಹುಳ ಇದ್ದು ಕೊಳೀತಿದ್ರೆ ಅದು ಬೇರೆ, ಹಣ್ಣು ನೊಣದ ಕೆಲಸ. ಅಂಥದ್ದನ್ನ ಗೊಬ್ಬರಗುಂಡಿಗೆ ಎಸೀಬೇಡಿ, ಆಳಕ್ಕೆ ಹೂತುಬಿಡಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಮಣ್ಣು ಏರಿಸಿ.

ಕೊಯ್ಯೋದು ಬಿತ್ತಿ ಸುಮಾರು 45-50 ದಿನಕ್ಕೆ ಶುರುವಾಗ್ತದೆ, ತಳಿ ಮೇಲೆ ಹೆಚ್ಚುಕಮ್ಮಿ. ಹಸಿ ತಿನ್ನೋ ಸೌತೆನ ದೊಡ್ಡದಾಗ್ಲಿ ಅಂತ ಕಾಯ್ಬೇಡಿ, ಒಂದು ಗೇಣಿಗಿಂತ ಚಿಕ್ಕದಿರುವಾಗ್ಲೇ ಕತ್ತಿಯಲ್ಲಿ ತೊಟ್ಟು ಸಮೇತ ಕೊಯ್ಯಿ, ಎಳೆದ್ರೆ ಬಳ್ಳಿನೇ ಕಿತ್ತು ಬರ್ತದೆ. ದಿನಾ ಎಲೆ ಎತ್ತಿ ನೋಡ್ಬೇಕು, ಒಂದು ಕಾಯಿ ಅಡಗಿ ಕೂತು ಹಣ್ಣಾಯ್ತು ಅಂದ್ರೆ ಬಳ್ಳಿ ಹೊಸ ಮಿಡಿ ಬಿಡೋದು ಕಮ್ಮಿ ಮಾಡ್ತದೆ. ಹಾಗೆ ಸಿಕ್ಕಿದ್ದನ್ನ ಬೀಜ ತೆಗ್ದು ತುರಿದು ನೆನೆಸಿದ ಅಕ್ಕಿ ಜೊತೆ ರುಬ್ಬಿ ದೋಸೆ ಹೊಯ್ಯಿ, ಎಳೇದಕ್ಕಿಂತ ಅದೇ ಚೆಂದ. ಬೀಜ ನಾಟಿ ತಳಿದಾದ್ರೆ ಒಣಗಿಸಿಡಿ, ಹೈಬ್ರಿಡ್ ಪ್ಯಾಕೆಟ್ದಾದ್ರೆ ಮುಂದಿನ ವರ್ಷ ಏನು ಹುಟ್ತದೋ ಹೇಳೋಕ್ಕಾಗಲ್ಲ.